ಹಳೇ ಹುಬ್ಬಳ್ಳಿಯ ಒಂದು ಇ-ಆಟೋ: ಬ್ಯಾನರ್‌ನಲ್ಲಿ ಕಂಡದ್ದೆಷ್ಟು, ಕೈಗೆ ಹತ್ತಿದ್ದೆಷ್ಟು

ಹಳೇ ಹುಬ್ಬಳ್ಳಿಯ ಬಾಡಿಗೆ ಮನೆಯೊಂದರಲ್ಲಿರುವ ಆಟೋ ಚಾಲಕರೊಬ್ಬರು 2025ರ ಬೇಸಿಗೆಯಲ್ಲಿ ತಮ್ಮ ಹಳೆಯ ಪೆಟ್ರೋಲ್ ಆಟೋ ಕೊಟ್ಟು ಎಲೆಕ್ಟ್ರಿಕ್ ಆಟೋ ಕೊಳ್ಳಲು ಹೊರಟರು. ಸರ್ಕಾರದ ಪ್ರೋತ್ಸಾಹಧನ ಅವರ ಮಟ್ಟಿಗೆ ಎಲ್ಲೆಲ್ಲಿ ಕೆಲಸ ಮಾಡಿತು, ಎಲ್ಲಿ ಸೋರಿ ಹೋಗುವುದರಲ್ಲಿತ್ತು ಎನ್ನುವುದರ ಲೆಕ್ಕ ಇದು. ಚಾಲಕರ, ಶೋರೂಮಿನ, ಬ್ಯಾಂಕಿನ ಹೆಸರುಗಳನ್ನು ಬಿಟ್ಟಿದ್ದೇವೆ. ಅಂಕಿಗಳನ್ನು ಅಲ್ಲಲ್ಲಿ ದುಂಡು ಮಾಡಿದ್ದೇವೆ.

ಹಳೆಯ ಗಾಡಿಯ ಲೆಕ್ಕದಿಂದ ಶುರು ಮಾಡೋಣ. ದಿನದ ಓಟ ಸುಮಾರು 90 ಕಿಲೋಮೀಟರ್. ಬೆಳಿಗ್ಗೆ ಶಾಲೆ ಮಕ್ಕಳು, ಆಮೇಲೆ ರೈಲ್ವೆ ನಿಲ್ದಾಣ, ಚನ್ನಮ್ಮ ಸರ್ಕಲ್, ದುರ್ಗದಬೈಲ್, ಕಿಮ್ಸ್, ಆಗೊಮ್ಮೆ ಈಗೊಮ್ಮೆ ಗೋಕುಲ ರೋಡ್ ದಾಟಿ ವಿಮಾನ ನಿಲ್ದಾಣ. ತಿಂಗಳಿಗೆ 26 ದಿನ ದುಡಿಮೆ. ಹಳೆಯ ಎಂಜಿನ್ ಲೀಟರ್‌ಗೆ 25 ಕಿ.ಮೀ. ಕೊಡುತ್ತಿತ್ತು, ಪೆಟ್ರೋಲ್ 103 ರೂಪಾಯಿ ಆಸುಪಾಸು. ದಿನಕ್ಕೆ 3.6 ಲೀಟರ್, ಅಂದರೆ 371 ರೂಪಾಯಿ. ತಿಂಗಳಿಗೆ 9,640. ಆಯಿಲ್, ಕ್ಲಚ್ ಪ್ಲೇಟ್, ಪ್ಲಗ್ಗಿನ ಖರ್ಚು ಬೇರೆ. ಅದನ್ನು ಇಲ್ಲಿ ಹಿಡಿದಿಲ್ಲ, ಎಲೆಕ್ಟ್ರಿಕ್ ಗಾಡಿಯ ಟೈರು, ಬ್ರೇಕ್ ಶೂಗಳನ್ನೂ ಹಿಡಿದಿಲ್ಲ.

50,000 ಅಂತ ಬರೆದಿತ್ತಲ್ಲ?

ಶೋರೂಮಿನ ಬ್ಯಾನರ್‌ನಲ್ಲಿ "50,000 ರೂ. ವರೆಗೆ ಕೇಂದ್ರ ಸಬ್ಸಿಡಿ" ಎಂದಿತ್ತು. ಬಿಲ್ಲಿನಲ್ಲಿ ಕಳೆದದ್ದು 22,250. ಚಾಲಕರ ಮೊದಲ ತಕರಾರು ಇದೇ: "ಉಳಿದ ರೊಕ್ಕಾ ಯಾರ್ ತಿಂದ್ರಿ?" ಯಾರೂ ತಿಂದಿರಲಿಲ್ಲ, ಬ್ಯಾನರ್ ಹಳೆಯದಾಗಿತ್ತು.

ಈ ಸಬ್ಸಿಡಿ ಕೊಡುತ್ತಿದ್ದ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಒಟ್ಟು ಮೊತ್ತ 10,900 ಕೋಟಿ ರೂಪಾಯಿ. ಪ್ರಯಾಣಿಕರ ಇ-ಆಟೋ ಸೇರುವುದು ಅದರ ಎಲ್5 ವರ್ಗದಲ್ಲಿ. ಮೊದಲ ಹಂತದಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ, ಅಂದರೆ ನಮ್ಮ ಮಾತಿನ ಒಂದು ಯೂನಿಟ್‌ಗೆ, 5,000 ರೂಪಾಯಿ, ಗರಿಷ್ಠ 50,000. ಎರಡನೇ ಹಂತದಲ್ಲಿ 2,500, ಗರಿಷ್ಠ 25,000. ಮೊದಲ ಹಂತ 2025ರ ಮಾರ್ಚ್‌ವರೆಗೆ ನಡೆಯಬೇಕಿತ್ತು. ಆದರೆ ಎಲ್5ಗೆ ಆ ವರ್ಷಕ್ಕೆಂದು ಇಟ್ಟಿದ್ದ 80,546 ಗಾಡಿಗಳ ಗುರಿ ಮೊದಲೇ ತುಂಬಿದ್ದರಿಂದ 2024ರ ನವೆಂಬರ್ 8ರಿಂದಲೇ ದರ ಅರ್ಧಕ್ಕೆ ಇಳಿಯಿತು. ಈ ಯೋಜನೆಯಲ್ಲಿ ಕ್ಯಾಲೆಂಡರಿನಷ್ಟೇ ಕೋಟಾವನ್ನೂ ನೋಡುತ್ತಿರಬೇಕಿತ್ತು. ಹಣ ಅಥವಾ ಸಂಖ್ಯೆ ಮುಗಿದರೆ ಕಡೆಯ ದಿನಾಂಕಕ್ಕೆ ಬೆಲೆಯಿಲ್ಲ, ಎಲ್5ಗೆ ಸಬ್ಸಿಡಿ 2025ರ ಡಿಸೆಂಬರ್‌ನಲ್ಲಿ ನಿಂತೇ ಹೋಯಿತು.

ಇವರು ಆರಿಸಿದ ಗಾಡಿಯ ಬ್ಯಾಟರಿ 8.9 ಯೂನಿಟ್‌ನದು. 8.9ಕ್ಕೆ 2,500ರಂತೆ 22,250, ಬಿಲ್ ಸರಿಯಾಗಿಯೇ ಇತ್ತು. ಇದೇ ಲೆಕ್ಕದಲ್ಲಿ 12 ಯೂನಿಟ್ ಬ್ಯಾಟರಿಯ ಗಾಡಿಗೆ 30,000 ಬರುತ್ತಿರಲಿಲ್ಲ, 25,000ಕ್ಕೆ ನಿಲ್ಲುತ್ತಿತ್ತು. ಸಬ್ಸಿಡಿ ಆಸೆಗೆ ದೊಡ್ಡ ಬ್ಯಾಟರಿ ತಗೊಳ್ಳುವುದರಲ್ಲಿ ಅರ್ಥವಿರಲಿಲ್ಲ, ಓಟ ಬೇಡಿದರೆ ತಗೊಳ್ಳಬೇಕು ಅಷ್ಟೆ.

ಈ ದುಡ್ಡು ಕೊಳ್ಳುವವರ ಖಾತೆಗೆ ಬರುತ್ತಲೂ ಇರಲಿಲ್ಲ. ಡೀಲರ್ ಬಿಲ್ಲಿನಲ್ಲೇ ಕಳೆಯಬೇಕಿತ್ತು, ಗಾಡಿ ತಯಾರಿಸಿದ ಕಂಪನಿ ಅದನ್ನು ಆಮೇಲೆ ಕೇಂದ್ರದಿಂದ ವಸೂಲಿ ಮಾಡಿಕೊಳ್ಳುತ್ತಿತ್ತು. "ಈಗ ಪೂರ್ತಿ ಕಟ್ಟಿ, ಮೂರು ತಿಂಗಳಲ್ಲಿ ನಿಮ್ಮ ಅಕೌಂಟಿಗೆ ಜಮಾ ಆಗತದ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಬಹುದಿತ್ತು.

ಕಳೆಯಬೇಕಾದರೆ ಇ-ವೋಚರ್ ಹುಟ್ಟಬೇಕಿತ್ತು. ಡೀಲರ್ ಪೋರ್ಟಲ್‌ನಲ್ಲಿ ಕೊಳ್ಳುವವರ ಆಧಾರ್ ದೃಢೀಕರಣ ಮಾಡುತ್ತಿದ್ದರು, ವೋಚರಿನ ಕೊಂಡಿ ಮೊಬೈಲಿಗೆ ಬರುತ್ತಿತ್ತು, ಅದನ್ನು ಇಳಿಸಿಕೊಂಡು ಸಹಿ ಮಾಡಿ ಕೊಡಬೇಕಿತ್ತು, ಡೀಲರೂ ಸಹಿ ಮಾಡಿ ಸೆಲ್ಫಿ ಸಮೇತ ಪೋರ್ಟಲಿಗೆ ಏರಿಸಬೇಕಿತ್ತು. ಇವರ ಆಧಾರ್‌ಗೆ ಜೋಡಣೆಯಾಗಿದ್ದ ಮೊಬೈಲ್ ನಂಬರ್ ಎಂದೋ ಬಂದ್ ಆಗಿತ್ತು. ಆಧಾರ್ ಕೇಂದ್ರದಲ್ಲಿ 50 ರೂಪಾಯಿ ಕೊಟ್ಟು ಹೊಸ ನಂಬರ್ ಸೇರಿಸಿ, ಅದು ಚಾಲ್ತಿಗೆ ಬರುವವರೆಗೆ ಬಿಲ್ ಮಾಡಿಸದೆ ಕಾಯಬೇಕಾಯಿತು. ಕಾದದ್ದೇ ಸರಿ. "ಮನೆಯವರ ಆಧಾರ್ ಕೊಡ್ರಿ, ಇವತ್ತೇ ಮುಗಿಸೋಣು" ಎಂಬ ಸಲಹೆ ಶೋರೂಮಿನಲ್ಲಿ ಬಂದಿತ್ತು. ಆಗ ಬಿಲ್, ಆರ್‌ಸಿ, ಸಾಲ ಮೂರೂ ಹೆಂಡತಿ ಹೆಸರಿಗೆ ಹೋಗಬೇಕಾಗುತ್ತದೆ. ಸಾಲದ ಅರ್ಜಿ ಗಂಡನ ಹೆಸರಲ್ಲಿದ್ದರೆ ಬ್ಯಾಂಕ್ ಅಲ್ಲಿಗೇ ಕಡತ ಮಡಚಿಡುತ್ತದೆ.

ತೆರಿಗೆ, ಪರ್ಮಿಟ್

ಇವುಗಳಲ್ಲಿ ತಂಟೆಯಿಲ್ಲ. ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ 2019ರ ಆಗಸ್ಟ್‌ನಿಂದ 5 ಪರ್ಸೆಂಟ್, ಅದು ಬೆಲೆಯಲ್ಲೇ ಸೇರಿರುತ್ತದೆ. ಕರ್ನಾಟಕದಲ್ಲಿ ಆಗ ಇವರ ಆಟೋಗೆ ರಸ್ತೆ ತೆರಿಗೆ ಸೊನ್ನೆ ಇತ್ತು. 2021ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ ಆರ್‌ಸಿ ಶುಲ್ಕವೂ ಇಲ್ಲ. 2018ರ ಅಕ್ಟೋಬರ್‌ನಿಂದ ಬ್ಯಾಟರಿ ಚಾಲಿತ ಬಾಡಿಗೆ ಗಾಡಿಗಳಿಗೆ ಪರ್ಮಿಟ್ ಬೇಕಿಲ್ಲ. ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ 15 ಪರ್ಸೆಂಟ್ ಕಡಿತವಿದೆ, ಕೋಟ್‌ನಲ್ಲಿ ಅದು ಕಳೆದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಹಾಗಂತ ಆರ್‌ಟಿಒ ಖರ್ಚೇ ಇಲ್ಲ ಎಂದಲ್ಲ. ಸಾಲದ ಹೈಪೋಥಿಕೇಶನ್ ನಮೂದಿಗೆ, ಅಂದರೆ ಗಾಡಿ ಸಾಲಕ್ಕೆ ಒತ್ತೆಯಿದೆ ಎಂದು ಆರ್‌ಸಿಯಲ್ಲಿ ಬರೆಸುವುದಕ್ಕೆ, ಶುಲ್ಕವಿದೆ, ಫಿಟ್‌ನೆಸ್ ಸರ್ಟಿಫಿಕೇಟ್ ಮಾಮೂಲಿನಂತೆ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಇವರ ಕೊಟೇಶನ್ನಿನಲ್ಲಿ "ರಿಜಿಸ್ಟ್ರೇಶನ್ ಮತ್ತು ಇತರೆ" ಎಂದು ಒಂದೇ ಸಾಲಿನಲ್ಲಿ ಗುಂಡಾಗಿ ಒಂದು ಮೊತ್ತ ಇತ್ತು. ಬಾಬುವಾರು ಬಿಡಿಸಿ ಕೊಡಿ ಎಂದಾಗ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಅಕ್ಷರ ಬಂದರೆ ಗಾಡಿ ಖಾಸಗಿ ಎಂದು ನೋಂದಣಿಯಾಗಿದೆ ಎಂದರ್ಥ, ಬಾಡಿಗೆ ಹೊಡೆಯುವಂತಿಲ್ಲ.

ಹನ್ನೆರಡು ಮತ್ತು ಹನ್ನೊಂದರ ನಡುವೆ 64,560 ರೂಪಾಯಿ

ಈ ಪ್ರಕರಣದ ತಿರುಳು ಇಲ್ಲಿದೆ. ಸಬ್ಸಿಡಿ ಕಳೆದು, ವಿಮೆ ಸೇರಿ ಗಾಡಿ ರಸ್ತೆಗಿಳಿಯಲು ಬೇಕಾದದ್ದು ಸುಮಾರು 3.3 ಲಕ್ಷ. ಹಳೆ ಆಟೋ ಮಾರಿದ್ದು ಮತ್ತು ಕೈಲಿದ್ದದ್ದು ಸೇರಿ 60,000. ಉಳಿದ 2,70,000ಕ್ಕೆ ನಾಲ್ಕು ವರ್ಷದ ಸಾಲ.

ಶೋರೂಮಿನಲ್ಲೇ ಕೂತಿದ್ದ ಫೈನಾನ್ಸ್‌ನವರು "12 ಪರ್ಸೆಂಟ್, ಸಂಜೀಕ ಗಾಡಿ ಒಯ್ರಿ" ಎಂದರು. ಬ್ಯಾಂಕಿನ ಮುದ್ರಾ ಸಾಲ 11 ಪರ್ಸೆಂಟ್, ಆದರೆ ಓಡಾಟ ಜಾಸ್ತಿ. ಒಂದು ಪರ್ಸೆಂಟಿಗಾಗಿ ಯಾರು ಅಲೆಯುತ್ತಾರೆ ಎನಿಸುವುದು ಸಹಜ. ಆದರೆ ಫೈನಾನ್ಸಿನ 12 ಎಂಬುದು ಫ್ಲಾಟ್ ದರ. ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 2,70,000ದ ಮೇಲೆಯೇ ಬೀಳುತ್ತದೆ. ವರ್ಷಕ್ಕೆ 32,400, ನಾಲ್ಕು ವರ್ಷಕ್ಕೆ 1,29,600. ಅಸಲು ಸೇರಿಸಿ 48ರಿಂದ ಭಾಗಿಸಿದರೆ ಕಂತು 8,325. ಬ್ಯಾಂಕಿನ 11 ಎಂಬುದು ಉಳಿದ ಅಸಲಿನ ಮೇಲಿನ ಬಡ್ಡಿ, ಕಂತು 6,980. ಫೈನಾನ್ಸಿನ ಸಾಲವನ್ನು ಬ್ಯಾಂಕಿನ ರೀತಿಯಲ್ಲಿ ಲೆಕ್ಕ ಹಾಕಿದರೆ ಅದು 21 ಪರ್ಸೆಂಟಿನ ಹತ್ತಿರ ಹೋಗುತ್ತದೆ. ಕಂತಿನ ವ್ಯತ್ಯಾಸ 1,345. ನಾಲ್ಕು ವರ್ಷಕ್ಕೆ 64,560, ಅಂದರೆ ಸರ್ಕಾರ ಕೊಟ್ಟ ಸಬ್ಸಿಡಿಯ ಸುಮಾರು ಮೂರು ಪಟ್ಟು.

ಇದನ್ನು ಹಿಡಿಯಲು ಗಣಿತ ಬರಬೇಕೆಂದಿಲ್ಲ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಮುಖ್ಯ ವಿವರಗಳ ಹಾಳೆ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ವಾರ್ಷಿಕ ದರ ಇರುತ್ತದೆ, ಪ್ರೊಸೆಸಿಂಗ್ ಶುಲ್ಕವೂ ಅದರೊಳಗೇ ಬರುತ್ತದೆ. ಎರಡೂ ಕಡೆಯ ಎಪಿಆರ್ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಇವರು ಆ ಹಾಳೆ ಕೇಳಿದ ಮೇಲೆ ಫೈನಾನ್ಸ್‌ನವರ ಉತ್ಸಾಹ ಇಳಿಯಿತು.

ಮುದ್ರಾದ ಕಿಶೋರ ವರ್ಗ 50,000ದಿಂದ 5 ಲಕ್ಷದವರೆಗಿನ ಸಾಲಕ್ಕೆ. ಜಾಮೀನು ಆಸ್ತಿ ಬೇಡ, ಸೂಕ್ಷ್ಮ ಘಟಕಗಳ ಸಾಲ ಖಾತರಿ ನಿಧಿ ಬ್ಯಾಂಕಿನ ಬೆನ್ನಿಗಿರುತ್ತದೆ. ಕೊಟ್ಟ ಕಾಗದ: ಕೊಟೇಶನ್, ಆಧಾರ್, ಪ್ಯಾನ್, ಚಾಲನಾ ಲೈಸೆನ್ಸ್, ಉದ್ಯಮ್ ನೋಂದಣಿ, ಬಾಡಿಗೆ ಕರಾರು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಉದ್ಯಮ್ ಎಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಅದು ಪುಕ್ಕಟೆ, ಅದಕ್ಕೆ ದುಡ್ಡು ಕೇಳುವ ನಕಲಿ ವೆಬ್‌ಸೈಟುಗಳೇ ಹೆಚ್ಚು.

ಸಿಕ್ಕಿಕೊಂಡದ್ದು ಕೊನೆಯ ಕಾಗದದಲ್ಲಿ. ದುಡಿಮೆಯೆಲ್ಲ ಕೈಗೆ ಬಂದು ಕೈಯಿಂದಲೇ ಹೋಗುತ್ತಿತ್ತು, ಪಾಸ್‌ಬುಕ್‌ನಲ್ಲಿ ಏನೂ ಇರಲಿಲ್ಲ. ದಾರಿ ಮಾಡಿದ್ದು ಸೀಟಿನ ಹಿಂದೆ ಅಂಟಿಸಿದ್ದ ಕ್ಯೂಆರ್ ಕೋಡ್. ಅದು ಮಗನ ಖಾತೆಗೆ ಜೋಡಣೆಯಾಗಿತ್ತು, ತಮ್ಮ ಖಾತೆಗೆ ಬದಲಾಯಿಸಿ ಕೆಲವು ತಿಂಗಳ ಜಮಾ ತೋರಿಸಿದ ಮೇಲೆ ಅರ್ಜಿ ಮುಂದೆ ಹೋಯಿತು. ಮುಂದಿನ ವರ್ಷ ಗಾಡಿ ತಗೊಳ್ಳುವ ಯೋಚನೆ ಇರುವವರು ಕ್ಯೂಆರ್ ಕೋಡನ್ನು ಈಗಲೇ ಸರಿಮಾಡಿಕೊಳ್ಳುವುದು ಒಳ್ಳೆಯದು.

ರಾಜ್ಯದ ಸ್ವಾವಲಂಬಿ ಸಾರಥಿ ಯೋಜನೆಯ ಮಾತು. ಅರ್ಹ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಆಯಾ ನಿಗಮದ ಮೂಲಕ ಗಾಡಿ ಬೆಲೆಯ ಅರ್ಧ, ಗರಿಷ್ಠ 3 ಲಕ್ಷ ಸಹಾಯಧನ. ಪರಿಶಿಷ್ಟರಿಗೆ ಮಿತಿ ಇನ್ನೂ ಹೆಚ್ಚು. ಪೆಟ್ರೋಲೋ ಎಲೆಕ್ಟ್ರಿಕ್ಕೋ ಎಂದು ಅದು ನೋಡುವುದಿಲ್ಲ. ಸಿಕ್ಕರೆ ಕೇಂದ್ರದ ಸಬ್ಸಿಡಿ ಇದರ ಮುಂದೆ ಚಿಲ್ಲರೆ. ಆದರೆ ಅರ್ಜಿ ಕರೆಯುವ ಕಾಲ ಬೇರೆ, ಆಯ್ಕೆ ಬೇರೆ, ಮತ್ತು ಬ್ಯಾಂಕ್ ಸಾಲ ಮಂಜೂರಿಗೆ ಅದು ಕಟ್ಟಿಕೊಂಡಿರುತ್ತದೆ. ಗಾಡಿ ಕೊಂಡು ಆರ್‌ಸಿ ಕೈಗೆ ಬಂದ ಮೇಲೆ ಹೋಗಿ ಕೇಳಿದರೆ ಉಪಯೋಗವಿಲ್ಲ. ಇವರ ಪಾಲಿಗೆ ಆ ವರ್ಷದ ಅರ್ಜಿ ಅವಧಿ ಮುಗಿದಿತ್ತು.

ಗೃಹಜ್ಯೋತಿಗೆ ಬೀಳುವ ಪೆಟ್ಟು

ಶೋರೂಮಿನಲ್ಲಾಗಲಿ ಬ್ಯಾಂಕಿನಲ್ಲಾಗಲಿ ಯಾರೂ ಹೇಳದ ವಿಷಯ ಇದು. ಗಾಡಿ ಯೂನಿಟ್‌ಗೆ 14-15 ಕಿ.ಮೀ. ಓಡುತ್ತದೆ. 90 ಕಿ.ಮೀ.ಗೆ 6.2 ಯೂನಿಟ್. ಚಾರ್ಜರ್ ಬಿಸಿಯಾಗಿ ಕಳೆಯುವುದು ಸೇರಿದರೆ ಗೋಡೆಯ ಪ್ಲಗ್ಗಿನಿಂದ ದಿನಕ್ಕೆ 7 ಯೂನಿಟ್, ತಿಂಗಳಿಗೆ 182.

ಇವರ ಮನೆಯ ಬಳಕೆ ತಿಂಗಳಿಗೆ 60 ಯೂನಿಟ್. 2022-23ರ ಸರಾಸರಿ 62, ಅದರ ಮೇಲೆ ಶೇಕಡಾ 10 ಸೇರಿಸಿ ಗೃಹಜ್ಯೋತಿ ಅರ್ಹತೆ 68. ಹಾಗಾಗಿ ಬಿಲ್ ಸೊನ್ನೆ. ಅದೇ ಮೀಟರಿನಿಂದ ಆಟೋ ಚಾರ್ಜ್ ಮಾಡಿದರೆ 242 ಯೂನಿಟ್. 68 ದಾಟಿ 200ರೊಳಗೆ ಇದ್ದಿದ್ದರೆ ಹೆಚ್ಚುವರಿಗಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. 2025ರ ಏಪ್ರಿಲ್‌ನ ದರದಲ್ಲಿ ಯೂನಿಟ್‌ಗೆ 5.80, ಪಿಂಚಣಿ ಬಾಬ್ತಿನ ಸರ್‌ಚಾರ್ಜ್ 36 ಪೈಸೆ, ವಿದ್ಯುತ್ ತೆರಿಗೆ ಶೇ. 9, ಮಂಜೂರಾದ ಲೋಡ್ 1ರಿಂದ 3 ಕಿಲೋವ್ಯಾಟ್‌ಗೆ ಏರಿಸಿದರೆ ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕ. ಎಲ್ಲ ಕೂಡಿ 2,050ರ ಹತ್ತಿರ. ಕೇಂದ್ರದ ಯೋಜನೆ ಹಿಡಿಯಲು ಹೋಗಿ ರಾಜ್ಯದ ಯೋಜನೆ ಕಳಕೊಳ್ಳುವುದು ಹೀಗೆ.

ಆಟೋಗೆ ಬೇರೆ ಮೀಟರ್ ಹಾಕಿಸುವುದೇ ಇದಕ್ಕೆ ದಾರಿ. ಎಲ್‌ಟಿ-6(ಸಿ) ಎಂಬ ಇವಿ ಚಾರ್ಜಿಂಗ್ ವರ್ಗದಲ್ಲಿ ಆಗ ದರ ಯೂನಿಟ್‌ಗೆ ನಾಲ್ಕೂವರೆ ರೂಪಾಯಿ ಆಸುಪಾಸು. 182 ಯೂನಿಟ್‌ಗೆ ತೆರಿಗೆ, ನಿಗದಿತ ಶುಲ್ಕ ಸೇರಿ 1,150ರಷ್ಟು. ಮನೆ ಮೀಟರ್ 60ರಲ್ಲೇ ಉಳಿದು ಸೊನ್ನೆ ಬಿಲ್ ಮುಂದುವರಿಯುತ್ತದೆ. ಅರ್ಜಿ ವಿದ್ಯುತ್ ಕಂಪನಿ ಹೆಸ್ಕಾಂನ ಸ್ಥಳೀಯ ಶಾಖೆಗೆ: ಮಾಲೀಕರ ಒಪ್ಪಿಗೆ ಪತ್ರ, ಮನೆಯ ತೆರಿಗೆ ರಸೀದಿ, ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ವೈರಿಂಗ್ ವರದಿ, ಠೇವಣಿ.

ಮಾಲೀಕರು ಮೊದಲು ಒಪ್ಪಲಿಲ್ಲ. ಬಾಡಿಗೆಯವರ ಹೆಸರಲ್ಲಿ ಮೀಟರ್ ಬಂದರೆ ನಾಳೆ ಮನೆ ಬಿಡಿಸುವುದು ಕಷ್ಟ ಎಂಬ ಅಂಜಿಕೆ. ಮೀಟರನ್ನು ಮಾಲೀಕರ ಹೆಸರಲ್ಲೇ ತಗೊಂಡು, ಬಿಲ್ ಬಾಡಿಗೆದಾರರದು, ಮನೆ ಬಿಡುವಾಗ ಬಾಕಿ ತೀರಿಸಿ ಸಂಪರ್ಕ ತೆಗೆಸಬೇಕು ಎಂದು ಕರಾರಿಗೆ ಎರಡು ಸಾಲು ಸೇರಿಸಿದ ಮೇಲೆ ಸಹಿ ಬಿತ್ತು.

ಎರಡು ದಾರಿಯನ್ನೂ ಈಗ ಒಟ್ಟಿಗೆ ನೋಡಬಹುದು. ಫ್ಲಾಟ್ ಬಡ್ಡಿಯ ಸಾಲ, ಮನೆ ಮೀಟರ್: 8,325 ಮತ್ತು 2,050, ಒಟ್ಟು 10,375. ಪೆಟ್ರೋಲಿನ 9,640ಕ್ಕಿಂತ 735 ರೂಪಾಯಿ ಜಾಸ್ತಿ. ಬ್ಯಾಂಕ್ ಸಾಲ, ಬೇರೆ ಮೀಟರ್: 6,980 ಮತ್ತು 1,150, ಒಟ್ಟು 8,130. ತಿಂಗಳಿಗೆ 1,510 ಉಳಿತಾಯ. ಗಾಡಿ ಅದೇ, ಸಬ್ಸಿಡಿ ಅದೇ. ಎರಡರ ನಡುವಿನ ಅಂತರ ವರ್ಷಕ್ಕೆ 26,940, ಸಬ್ಸಿಡಿಗಿಂತ ಹೆಚ್ಚು, ಅದೂ ಪ್ರತಿ ವರ್ಷ. "ಎಲೆಕ್ಟ್ರಿಕ್ ತಗೊಂಡು ಕೆಟ್ಟೆ" ಎನ್ನುವ ಚಾಲಕರನ್ನು ವಿಚಾರಿಸಿದರೆ ಬಹಳ ಸಲ ಗಾಡಿಯಲ್ಲಿ ದೋಷ ಇರುವುದಿಲ್ಲ, ಕಂತಿನ ಕಾರ್ಡ್ ಮತ್ತು ಕರೆಂಟ್ ಬಿಲ್ ತೋರಿಸಿ ಎನ್ನಬೇಕು.

ಪ್ಲಗ್ ಪಾಯಿಂಟ್

ಹೊಸ ಮೀಟರ್ ಬರುವವರೆಗೆ ಮನೆಯ ಸ್ವಿಚ್ ಬೋರ್ಡಿನಿಂದಲೇ ಚಾರ್ಜ್ ನಡೆಯಿತು. ಚಾರ್ಜರ್ 2 ಕಿಲೋವ್ಯಾಟ್‌ನದು, ಐದು ತಾಸು ಸತತ 9 ಆಂಪಿಯರ್ ಎಳೆಯುತ್ತದೆ. ಗೋಡೆಯೊಳಗಿದ್ದದ್ದು ಲೈಟ್-ಫ್ಯಾನಿಗೆ ಎಳೆದ ತೆಳು ವೈರ್. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಓಡುವುದಕ್ಕೆ ತಡೆಯುವ ಸಾಕೆಟ್, ರಾತ್ರಿಯಿಡೀ ತಡೆಯಲಿಲ್ಲ: ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿ ಮೆತ್ತಗಾಗಿತ್ತು.

ಅದಕ್ಕಿಂತ ಅಪಾಯದ್ದು ಅರ್ಥಿಂಗ್. ಹಳೆ ಮನೆಯಲ್ಲಿ ಅರ್ಥ್ ಇರಲಿಲ್ಲ, ಚಾರ್ಜರ್ ಕೆಂಪು ದೀಪ ಮಿನುಗಿಸಿ ನಿಲ್ಲುತ್ತಿತ್ತು. ಬಂದ ಎಲೆಕ್ಟ್ರಿಷಿಯನ್ ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನು ಅರ್ಥ್ ಪಿನ್ನಿಗೆ ಒಂದು ತುಂಡು ವೈರಿನಿಂದ ಜೋಡಿಸಿ ಹೋದರು. ದೀಪ ಹಸಿರಾಯಿತು. ಇದು ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ನಡೆಯುವ ಪುಂಡ ಉಪಾಯ. ಹಿಂದಿನ ಲೈನಿನಲ್ಲಿ ಎಲ್ಲಾದರೂ ನ್ಯೂಟ್ರಲ್ ತಂತಿ ಕಡಿದರೆ ಆಟೋದ ತಗಡಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಪ್ಲಗ್ ತೆಗೆಯಲು ಹೋದವರ ಗತಿ ಹೇಳಬೇಕಿಲ್ಲ.

ಕೊನೆಗೆ ಮಾಡಿಸಿದ್ದು: ಹೊಸ ಮೀಟರಿನಿಂದ ನೇರ 4 ಚದರ ಮಿಲಿಮೀಟರ್ ತಾಮ್ರದ ವೈರ್, ಕರೆಂಟ್ ಮಿತಿ ಮೀರಿದರೆ ಕಡಿಯುವ 16 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಮುಚ್ಚಳ ಇರುವ 16 ಆಂಪಿಯರ್ ಇಂಡಸ್ಟ್ರಿಯಲ್ ಸಾಕೆಟ್, ಸ್ವಂತ ಅರ್ಥ್ ಗುಂಡಿ. ಸಾಕೆಟ್ ನೆಲದಿಂದ ಎದೆಯ ಮಟ್ಟಕ್ಕೆ, ತಗಡಿನ ಮರೆಯಲ್ಲಿ. ಒಟ್ಟು ಖರ್ಚು ಎಂಟು ಸಾವಿರದ ಸುಮಾರು. ಈ ಬಾಬ್ತಿಗೆ ಯಾವ ಸಬ್ಸಿಡಿಯೂ ಇಲ್ಲ, ಸಾಲದಲ್ಲೂ ಸೇರುವುದಿಲ್ಲ, ಮೊದಲೇ ತೆಗೆದಿಡಬೇಕು. ಬೇಸಿಗೆಯ ಸಂಜೆ ಓಣಿಯಲ್ಲಿ ವೋಲ್ಟೇಜ್ ಕುಸಿದು ಚಾರ್ಜರ್ ಬಂದ್ ಬೀಳುವುದುಂಟು. ರಾತ್ರಿ 11ರ ಮೇಲೆ ಹಚ್ಚಿದರೆ ಬೆಳಗಿನ ಶಾಲೆ ಟ್ರಿಪ್ಪಿಗೆ ಪೂರ್ತಿ ತುಂಬಿರುತ್ತದೆ.

ಹಳೆಯ ಗಾಡಿ ಎಲ್ಲಿಗೆ ಹೋಯಿತು

ಹಾವೇರಿ ಜಿಲ್ಲೆಯ ಒಂದು ಹಳ್ಳಿಗೆ, 45,000ಕ್ಕೆ. ಗುಜರಿಗೆ ಹಾಕಿದ್ದರೆ ತೂಕದ ಲೆಕ್ಕದಲ್ಲಿ ಅದರ ಕಾಲುಭಾಗವೂ ಸಿಗುತ್ತಿರಲಿಲ್ಲ. ಹಳೆ ಗಾಡಿ ಒಪ್ಪಿಸಿದ್ದಕ್ಕೆ ಅಧಿಕೃತ ಗುಜರಿ ಕೇಂದ್ರ ಕೊಡುವ ಠೇವಣಿ ಪ್ರಮಾಣಪತ್ರದ ದೊಡ್ಡ ಲಾಭ ಹೊಸ ಗಾಡಿಯ ರಸ್ತೆ ತೆರಿಗೆಯಲ್ಲಿ ರಿಯಾಯಿತಿ. ಎಲೆಕ್ಟ್ರಿಕ್ ಆಟೋಗೆ ತೆರಿಗೆಯೇ ಇಲ್ಲದಿದ್ದಾಗ ಆ ರಿಯಾಯಿತಿಯಿಂದ ಏನು ಬಂತು? ಪಿಎಂ ಇ-ಡ್ರೈವ್‌ನಲ್ಲಿ ಇ-ಟ್ರಕ್ಕಿಗೆ ಹಳೆ ಗಾಡಿ ಗುಜರಿಗೆ ಹಾಕಿದ ಪ್ರಮಾಣಪತ್ರ ಕೇಳುತ್ತಾರೆ, ಆಟೋಗೆ ಕೇಳುತ್ತಿರಲಿಲ್ಲ. ಹೀಗಾಗಿ ಹುಬ್ಬಳ್ಳಿಯ ಹೊಗೆ ಕಡಿಮೆಯಾದದ್ದು ನಿಜ, ಅದು ಪೂರ್ತಿ ಇಲ್ಲವಾಯಿತು ಎನ್ನುವಂತಿಲ್ಲ. ಮಾರುವಾಗ ಹಳೆ ಪರ್ಮಿಟ್ ಸರೆಂಡರ್ ಮಾಡಿಸಿ, ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಹೆಸರು ಬದಲಾಗುವವರೆಗೆ ಬೆನ್ನು ಹತ್ತಬೇಕು. ಇಲ್ಲದಿದ್ದರೆ ಅಲ್ಲಿಯ ದಂಡದ ನೋಟಿಸ್ ಇಲ್ಲಿಗೆ ಬರುತ್ತದೆ.

ಇನ್ನೊಂದು ಬಾಬ್ತು ತೆರೆದೇ ಉಳಿದಿದೆ. ಇವರ ಬ್ಯಾಟರಿಯ ವಾರಂಟಿ 3 ವರ್ಷ ಅಥವಾ 80,000 ಕಿ.ಮೀ., ಯಾವುದು ಮೊದಲೋ ಅದು. ವರ್ಷಕ್ಕೆ 28,000 ಕಿ.ಮೀ. ಓಡುವ ಗಾಡಿಗೆ ಅದು ಎರಡು ವರ್ಷ ಹತ್ತು ತಿಂಗಳಿಗೇ ಮುಗಿಯುತ್ತದೆ. ಸಾಲದ ಕಂತು ನಾಲ್ಕು ವರ್ಷ. ನಡುವಿನ 14 ತಿಂಗಳು ಬ್ಯಾಟರಿ ಕೈಕೊಟ್ಟರೆ ಕಂತೂ ಕಟ್ಟಬೇಕು, ಬ್ಯಾಟರಿಗೂ ದುಡ್ಡು ಹಾಕಬೇಕು. ಗಾಡಿಯೊಂದಿಗೆ 5 ಪರ್ಸೆಂಟ್ ಜಿಎಸ್‌ಟಿಯಲ್ಲಿ ಬಂದ ಅದೇ ಬ್ಯಾಟರಿ ಬಿಡಿಯಾಗಿ ಕೊಳ್ಳುವಾಗ 18 ಪರ್ಸೆಂಟಿಗೆ ಬೀಳುತ್ತದೆ. ಶೋರೂಮಿನಲ್ಲಿ ದುಡ್ಡು ಕೊಟ್ಟು ವಾರಂಟಿ ಹಿಗ್ಗಿಸುವ ಅವಕಾಶ ಇದ್ದರೆ ಅದು ಗಾಡಿ ಕೊಳ್ಳುವ ದಿನವೇ ತೀರ್ಮಾನವಾಗಬೇಕು, ಮತ್ತು ಹಿಗ್ಗಿಸಿದ್ದು ವರ್ಷವನ್ನಷ್ಟೇ ಅಲ್ಲ, ಕಿಲೋಮೀಟರನ್ನೂ ಎಂದು ಬರಹದಲ್ಲಿ ಇರಬೇಕು. ಇವರ ಕಾಗದದಲ್ಲಿ ವರ್ಷ ಐದಕ್ಕೇರಿದೆ, ಕಿಲೋಮೀಟರ್ 1,20,000. ಇವರ ಓಟಕ್ಕೆ ಅದು ನಾಲ್ಕು ವರ್ಷ ಮೂರು ತಿಂಗಳು ಬರುತ್ತದೆ, ಕೊನೆಯ ಕಂತು ಮುಗಿದು ಮೂರು ತಿಂಗಳ ಆಚೆಗೆ.